ಏಳನೆಯದು

ಹಲ್ ಪಟ್ಟಣ, ಹೆಸಲ್ ರಸ್ತೆ, ಮುಚ್ಚಿದ ಬೇಕರಿಯ ಹಿಂಗೋಣೆ.
ಗ್ರಂಥಾಲಯ ಹೊರಗೆಸೆದ ಹನ್ನೆರಡು ಕಂಪ್ಯೂಟರು
ಬ್ರೆಡ್ಡಿನ ಹಲಗೆಗಳ ಮೇಲೆ ಸಾಲಾಗಿ ಕೂತಿವೆ.
ಒಂದೊಂದರ ಬೆನ್ನಿಂದ ನೀಲಿ ಕೇಬಲ್ಲು ಇಳಿದು
ನೆಲದ ಮೇಲಿನ ಪೆಟ್ಟಿಗೆಯಲ್ಲಿ ಒಂದಾಗುತ್ತವೆ.
ಫ್ಯಾನು ತಿರುಗಿದರೆ ಇನ್ನೂ ಮೈದಾಹಿಟ್ಟಿನ ವಾಸನೆ.

ನಾವು ಮಾಡುತ್ತಿರುವುದು ಇಷ್ಟೇ:
ಹಂಬರ್ ಅಳಿವೆಯನ್ನು ಹನ್ನೆರಡು ಪಟ್ಟಿಯಾಗಿ ಕೊಯ್ದು
ಯಂತ್ರಕ್ಕೊಂದರಂತೆ ಹಂಚುವುದು.
ಉಬ್ಬರ ಏರಿದರೆ ನೀರು ಯಾವ ಬೀದಿಗೆ, ಎಷ್ಟು ಹೊತ್ತಿಗೆ,
ಯಾರ ಮನೆಯ ಎಷ್ಟನೇ ಮೆಟ್ಟಿಲಿಗೆ.
ಕೊಯ್ದವಳು ನಾನು. ಅಳತೆಪಟ್ಟಿ ಇಟ್ಟು, ಸಮವಾಗಿ.
ಇರಲಿ, ಆ ಮಾತು ಆಮೇಲೆ.

ತನ್ನನ್ನು ಕೊಯ್ದದ್ದು ನೀರಿಗೆ ಗೊತ್ತಿಲ್ಲ.
ಅದು ಮೂರರಿಂದ ನಾಲ್ಕಕ್ಕೆ ಹರಿಯಲೇಬೇಕು.
ಅದಕ್ಕೇ ಹೆಜ್ಜೆಹೆಜ್ಜೆಗೂ ಪಕ್ಕದವರ ಬಾಗಿಲು ತಟ್ಟಿ
ಅಂಚಿನ ಒಂದು ಸಾಲು ನೀರು ಕೇಳುತ್ತವೆ,
ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ಕೇಳಿದ ಹಾಗೆ.
ಕೊಟ್ಟು, ಪಡೆದು, ಆಮೇಲೆ ನಿಲ್ಲುತ್ತವೆ.
ಕೊನೆಯದು ಬರುವ ತನಕ ಯಾವುದೂ
ಮುಂದಿನ ನಿಮಿಷಕ್ಕೆ ಕಾಲಿಡುವಂತಿಲ್ಲ.

ಪಂಕ್ತಿಯಲ್ಲಿ ಕೂತವರಿಗೆ ಇದು ಗೊತ್ತು.
ಹಲ್ಲಿಲ್ಲದ ಅಚ್ಯುತಯ್ಯ ಕೊನೆಯ ಎಲೆಯಲ್ಲಿ
ಹೋಳಿಗೆಯನ್ನು ಹಾಲಿನಲ್ಲಿ ನೆನೆಸುತ್ತಿದ್ದ;
ನಮ್ಮ ಕೈ ಒಣಗಿ, ಅನ್ನ ಬೆರಳಿಗೆ ಗಟ್ಟಿಯಾಗಿ,
ಒಬ್ಬರೂ ಏಳುವಂತಿರಲಿಲ್ಲ.

ಮೊದಲ ರಾತ್ರಿ ಹನ್ನೆರಡೂ
"ನೀನು ಕೊಟ್ಟ ಮೇಲೆ ನಾನು" ಎಂದು ಹಟ ಹಿಡಿದವು.
ತಪ್ಪೆಂದು ಯಾವುದೂ ಹೇಳಲಿಲ್ಲ.
ಎಲ್ಲ ಫ್ಯಾನೂ ಜೋರಾಗಿ ತಿರುಗುತ್ತಿದ್ದವು, ಭಾರೀ ದುಡಿಯುವವರ ಹಾಗೆ.
ಬೆಳಿಗ್ಗೆ ನೋಡಿದರೆ ಅಳಿವೆಯಲ್ಲಿ
ಒಂದು ಸೆಕೆಂಡೂ ಕಳೆದಿಲ್ಲ.

ಸ್ಟೇದರ್ಸ್ ನಕ್ಕ. ಮೂವತ್ತು ವರ್ಷ
ಹಡಗುಕಟ್ಟೆಯ ನೀರ್ಬಾಗಿಲು ಕಾದವನು.
"ಎರಡು ದೋಣಿ ಎದುರುಬದುರು ಬಂದು
ನೀವು ಮೊದಲು, ನೀವು ಮೊದಲು ಅಂದರೆ
ಇಬ್ಬರಿಗೂ ಕತ್ತಲಾಗುತ್ತದೆ."
ಬೆಸವು ಮೊದಲು ಕೊಡಲಿ, ಸಮವು ಮೊದಲು ಪಡೆಯಲಿ ಎಂದು ಬರೆದೆ.
ನೀರು ಹೊರಟಿತು.

ಹೊರಟಿತು, ಆದರೆ ಕುಂಟುತ್ತ.
ಹನ್ನೊಂದು ಬಂದು ನಿಂತಿರುತ್ತಿದ್ದವು,
ಏಳನೆಯದು ಬರುತ್ತಿರಲಿಲ್ಲ.
ಬಿಚ್ಚಿ ಹಿಟ್ಟು ಗುಡಿಸಿದೆ. ಹೊಸ ಫ್ಯಾನು ಹಾಕಿದೆ.
ಕೇಬಲ್ಲು ಬದಲಿಸಿದೆ. ಶನಿಮುಂಡೇದು ಎಂದೆ, ಕನ್ನಡದಲ್ಲಿ;
ಸ್ಟೇದರ್ಸ್‌ಗೆ ಅರ್ಥವಾಯಿತು.
ಕೊನೆಗೆ ಎರಡನೆಯದನ್ನು ಏಳರ ಜಾಗಕ್ಕೆ ಎತ್ತಿಟ್ಟೆ,
ಏಳನ್ನು ಎರಡರ ಜಾಗಕ್ಕೆ.
ಜಾಗ ಬದಲಾದೊಡನೆ ಏಳು ಕುದುರೆಯಾಯಿತು.
ಅಷ್ಟು ದಿನ ಚುರುಕಾಗಿದ್ದ ಎರಡು
ತಲೆ ಬಿಸಿಯಾಗಿ ಹಿಂದೆ ಬಿತ್ತು.

ಭೂಪಟದ ಮೇಲೆ ಬಗ್ಗಿ ಸ್ಟೇದರ್ಸ್
ಏಳನೇ ಪಟ್ಟಿಗೆ ಬೆರಳಿಟ್ಟ:
ಹಲ್ ನದಿ ಬಂದು ಬೀಳುವ ಬಾಯಿ,
ಅದರ ಕಾಲುವೆ, ಚರಂಡಿ, ಕಟ್ಟೆ,
ಒತ್ತೊತ್ತಾಗಿ ಬೀದಿ, ನೆಲಮಾಳಿಗೆ.
ಒಂದನೆಯದರ ಪಾಲಿಗೋ ಮುಕ್ಕಾಲು ಪಾಲು
ಒಣ ಗೋಧಿಹೊಲ. ಒಣ ನೆಲಕ್ಕೆ ಲೆಕ್ಕವೇ ಇಲ್ಲ.
"ಅಗಲ ಸಮ ಮಾಡಿದ್ದೀಯ," ಅಂದ, "ನೀರನ್ನಲ್ಲ."

ನಾನು ಸುಮ್ಮನಿದ್ದೆ. ಅವತ್ತಿನ ಊಟಕ್ಕೆ
ಬಾವಿಯಿಂದ ಅಷ್ಟೂ ಕೊಡ ಸೇದಿ ಹಾಕಿ
ಎಲ್ಲರಿಗಿಂತ ತಡವಾಗಿ ಎಲೆಯ ಮುಂದೆ ಕೂತವನು
ಅಚ್ಯುತಯ್ಯ ಅಲ್ಲವೆ?
ಸರಿಯಾಗಿ ನೆನಪಿಲ್ಲ. ಇರಬಹುದು.

ಮತ್ತೆ ಕೊಯ್ದೆವು. ಏಳು ಈಗ ಎಳೆಯಷ್ಟು ತೆಳ್ಳಗೆ,
ಒಂದು ಕಂಬಳಿಯಷ್ಟು ಅಗಲ.
ಈಗ ಐದನೆಯದು ಚೂರು ಹಿಂದೆ.
ಯಾವುದೋ ಒಂದು ಕೊನೆಗೆ ಬರಲೇಬೇಕಲ್ಲ;
ಬಯ್ಯುವುದನ್ನು ಬಿಟ್ಟಿದ್ದೇನೆ.

ಬೆಳಗಿನ ಜಾವ ಲೆಕ್ಕ ಮುಗಿಯಿತು.
ಹೊರಗೆ ಸೀಗಲ್ಲುಗಳು ಕಸದ ಚೀಲ ಹರಿಯುತ್ತಿದ್ದವು.
ಅವನ ಬೀದಿ, ಅವನ ಮನೆ ಹುಡುಕಿ ತೋರಿಸಿದೆ:
ನೀರು ಎರಡನೇ ಮೆಟ್ಟಿಲಿಗೆ.

ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದ.
"ಮೂರು," ಅಂದ. "ಆ ಡಿಸೆಂಬರಿನಲ್ಲಿ ಮೂರನೆಯದರ ಮೇಲೆ
ಹೆಂಡತಿಯ ಚಪ್ಪಲಿ ತೇಲಿತ್ತು.
ಇನ್ನೊಮ್ಮೆ ಓಡಿಸು."