ಒಲ್ಲೆ

ರೊಟ್ಟಿ ಒಲ್ಲೆ. ನಡುವಿನ ಬಿಳೀದಷ್ಟ ಕೊಡು,
ಕರಿ ಚುಕ್ಕಿ ಕಿತ್ತು ಕೊಡು.
ಅನ್ನದ ಮ್ಯಾಲ ಸಾರು ಹರೀಬಾರದು,
ಬ್ಯಾಳಿ ಅನ್ನಕ್ಕ ತಾಕಬಾರದು,
ಬಾಳೆಹಣ್ಣಿಗೆ ಚುಕ್ಕಿ ಬಂದ್ರ ಅದು ಸತ್ತೈತಂತ.
ಬದನಿಕಾಯಿ ಕಂಡ್ರ ಮಂಚದ ಬುಡಕ ಓಡತಾಳ.

ಕೂಸಿನ ಹೆಸರು ಪ್ರತೀಕ್ಷಾ. ನಾನೇ ಇಟ್ಟದ್ದು.
ಕಾಯೂದು ಅಂತ ಅರ್ಥ.
ಕಾಯೂದು ಯಾರು ಕಲೀಬೇಕು ಅಂತ
ಆಗ ಗೊತ್ತಿರಲಿಲ್ಲ.

ಇಳಕಲ್ಲಿನ ಈ ಓಣ್ಯಾಗ
ಮಗ್ಗದ ಸಪ್ಪಳ ನಿಂತ್ರ ಎಲ್ಲಾರಿಗೂ ಕೇಳತೈತಿ.
ಆ ಮಧ್ಯಾಹ್ನ ನಿಂತಿತ್ತು.
ಝುಣಕದ ತಾಟು ಗ್ವಾಡಿಗೆ ಬಡದು
ಬಾಗಲದಾಗ ಬಿದ್ದು
ಗಿರಿಗಿರಿ ತಿರುಗಿ ಸುಮ್ಮನಾತು.
ಒಗದದ್ದು ನಾನು.
ಅತ್ತಿ ಬಂದು ಹಳದಿ ಒರಸಿದ್ಲು, ಏನೂ ಅನ್ನಲಿಲ್ಲ.
ಅನ್ನಲಿಲ್ಲ ಅಂತ ಅಕಿ ಮ್ಯಾಲೂ ಸಿಟ್ಟು ಬಂತು.

ಕೂಸು ಒಲ್ಲೆ ಅಂದದ್ದು ಝುಣಕಕ್ಕ.
ನನಗ ಕೇಳಿದ್ದು: ನಿನ್ನ ಒಲ್ಲೆ.
ಮದಲಿಂದ ನನ್ನ ಕಿವಿ ಹಿಂಗ.
ಮಲ್ಲೇಶಿ ಫೋನ್ ಎತ್ತಲಿಲ್ಲ ಅಂದ್ರ ನಾ ಸತ್ತಂಗ,
ಎತ್ತಿದ ಅಂದ್ರ ಅವಾ ದೇವರು,
ಸಂಜಿ ಹೊತ್ತಿಗೆ ಮತ್ತ ದೆವ್ವ.
ನಡುವ ಯಾವ ಬಣ್ಣಾನೂ ಇಲ್ಲ.
ತೋಳಿನ ಮ್ಯಾಲಿನ ಗೆರಿ ಯಾರಿಗೂ ತೋರಸೂದಿಲ್ಲ.
ಉದ್ದ ತೋಳಿನ ಕುಪ್ಪಸ ಹೊಲಿಸೀನಿ, ಬ್ಯಾಸಗ್ಯಾಗೂ.

ಬಾಗಲಕೋಟಿ ದವಾಖಾನ್ಯಾಗ ಮುಲ್ಲಾ ಮೇಡಂ
ಈ ಬ್ಯಾನಿಗೆ ಒಂದು ಇಂಗ್ಲಿಷ್ ಹೆಸರು ಹೇಳಿದ್ರು.
ಗಡಿ ಅನ್ನೂ ಮಾತಿತ್ತು ಅದರಾಗ.
ನನಗ ಗಡಿ ಗೊತ್ತಿಲ್ಲರಿ, ಸೀರಿ ದಡಿ ಗೊತ್ತು, ಅಂದೆ.
ನಕ್ಕರು. ಹಂಗಾರ ಹೇಳು,
ಮೈ ಒಂದು ಹಾಸು, ಸೆರಗು ಇನ್ನೊಂದು ಹಾಸು,
ಹೆಂಗ ಕೂಡಸ್ತಿ?
ಕೊಂಡಿ ಹಾಕಿ. ಒಂದೊಂದ ಎಳಿ ಹಿಡದು.
ಅವಸರ ಮಾಡಿದ್ರ?
ಹರೀತೈತಿ.
ಅಲ್ಲಿಗೇ ಬಿಟ್ರು. ಒಂದು ಚೀಟಿ ಬರಸಿದ್ರು,
ನನ್ನ ಕೈಲೇ, ನನ್ನ ಮಾತಿನ್ಯಾಗ.

ಚೀಟಿ ಈಗ ಉಪ್ಪಿನ ಡಬ್ಬಿಗೆ ಹಚ್ಚೀನಿ,
ಎಣ್ಣಿ ಕುಡದು ಅರ್ಧ ಅಕ್ಷರ ಅಳಿಸ್ಯಾವ:

ಎದಿ ಸುಡಾಕ ಹತ್ತಿದ್ರ ಮದಲ ಕೊಡದ ನೀರಾಗ ಮುಂಗೈ ಮುಳಗಸು.
ಕೂಸಿನ ಮಾತು ಕೂಸಿಂದು, ಅದಕ್ಕ ನಿನ್ನ ಹೆಸರು ಹಚ್ಚಬ್ಯಾಡ.
ತಾಟಿನ್ಯಾಗ ಏನು ಅನ್ನೂದು ನಿಂದು. ಎಷ್ಟು ಅನ್ನೂದು ಅಕಿದು.
ಗೊತ್ತಿದ್ದದ್ದರ ಬಾಜೂಕ ಗೊತ್ತಿಲ್ಲದ್ದು ಒಂದ ಚೂರು. ಸುಮ್ಮನ ಕುಂಡ್ರು.
ತಪ್ಪಾದ ದಿನ ತಪ್ಪಾತು ಅನ್ನು. ಒಮ್ಮೆ.
ಅಕಿ ಕೈಲೆ ಸಮಾಧಾನ ಮಾಡಿಸ್ಕೋಬ್ಯಾಡ.

ಅದರ ಕೆಳಗೂ ಒಂದು ಸಾಲಿತ್ತು. ಏನಿತ್ತೋ.

ಬುಧವಾರ ಆಗಲಿಲ್ಲ. ಒದರಿದೆ.
ಗುರುವಾರ ಕೊಡದಾಗ ಕೈ ಇಟ್ಟು ನಿಂತಾಗ
ಹಿಂದಿಂದ ಬಂದು ತಾನೂ ಕೈ ಇಟ್ಲು,
ಆಟ ಅಂತ ತಿಳದು.
ನೀರೊಳಗ ಇಬ್ಬರ ಬಳಿ ತಾಕಿದ್ವು.

ರಾತ್ರಿ ನಿದ್ದಿ ಬರಲಿಲ್ಲ, ಯೋಚನಿ ಬಂತು:
ಒಲ್ಲೆ, ಒಲವು, ಒಂದ ಬೇರು ಅಲ್ಲೇನು?
ಒಲ್ಲೆ ಅನ್ನಬೇಕಂದ್ರ
ಅಂದ ಮ್ಯಾಲೂ ಒಲೀತಾರ ಅನ್ನೂ ಧೈರ್ಯ ಬೇಕು.
ಸಣ್ಣಾಕಿದ್ದಾಗ ನನಗ ಇರಲಿಲ್ಲ ಅದು.
ಕೊಟ್ಟದ್ದೆಲ್ಲಾ ತಿಂದೆ, ಬೈಗಳಾನೂ.
ಇಕಿಗೆ ಐತಿ.
ಯಾರು ಕೊಟ್ರೋ.

ಇವತ್ತ ತಾಟು ಇಟ್ಟೆ.
ಅದೇ ನೆಗ್ಗಿದ ತಾಟು, ಗುಜರಿಗೆ ಹಾಕೂನು ಅಂತ
ಅತ್ತಿ ತಗದಿಟ್ಟಿದ್ಲು. ಇಕಿಗೆ ಅದೇ ಬೇಕಂತ.
ನೆಗ್ಗಿದ ಕಡೆ ಬಟ್ಟು ಒತ್ತಿದ್ರ ತಿರಗತೈತಿ, ಅದಕ್ಕ.
ಬಿಳಿ ಅನ್ನ. ಬಾಜೂಕ ಉಗುರಿನಷ್ಟು ಝುಣಕ.
ನಾನು ಮಗ್ಗದ ಕಡೆ ಮಾರಿ ಮಾಡಿ
ಹರದ ಎಳಿ ಎಣಸ್ಕೋತ ಕುಂತೆ.

ಮೂಸಿದ್ಲು.
ಬಟ್ಟಿನ ತುದಿ ಹಚ್ಚಿ ನೆಕ್ಕಿದ್ಲು.
ಮಾರಿ ಹಿಂಡಿದ್ಲು.
"ಒಲ್ಲೆ."
"ಆತು," ಅಂದೆ.

ತಾಟು ತಿರಗಿಸಿದ್ಲು.
ಝುಣಕ ನನ್ನ ಕಡೆ ಬಂತು.
ತಿಂದೆ.
ಉಪ್ಪು ಕಮ್ಮಿ ಇತ್ತು.