ಪೀಠಿಕೆ

ಮಾತುಝಿನ್ಯುಷ್ ಬಂದರಿನ ಹಿಂದೆ
ಮುಚ್ಚಿದ ಅಂಚೆ ಕಚೇರಿಯ ಮಹಡಿಯಲ್ಲಿ ರಾತ್ರಿ ಶಾಲೆ.
ಹಾಜರಿ ಪುಸ್ತಕದಲ್ಲಿ ಹದಿನಾಲ್ಕು ಹೆಸರು,
ಬರುವವರು ಆರು, ಗಾಳಿ ಜೋರಿದ್ದರೆ ನಾಲ್ಕು.
ಎತೆಲ್ವೀನಾ ಮಾತ್ರ ತಪ್ಪಿಸಿದವಳಲ್ಲ.
ಅರವತ್ತೊಂದು ವರ್ಷ. ಮೊಮ್ಮಗನ ಹಳೇ ಕಂಪಾಸು ಪೆಟ್ಟಿಗೆ.
ನಿಂಬೆ ಉಜ್ಜಿ ತೊಳೆದರೂ ಬೆರಳಲ್ಲಿ
ನಲವತ್ತು ವರ್ಷದ ಮೀನು.

‘ಕೆಲಸ’ ಎಂದು ವಿಷಯ ಕೊಟ್ಟಿದ್ದೆ.
ಮೂರು ಪುಟ, ಪೀಠಿಕೆ ಚೆನ್ನಾಗಿರಲಿ ಅಂದಿದ್ದೆ,
ಚೆನ್ನಾಗಿರುವುದೆಂದರೆ ಏನೆಂದು ಹೇಳದೆ.

ಅವಳು ಎದ್ದು ನಿಂತು ಓದಿದಳು,
ಕನ್ನಡಕ ಮೂಗಿನ ತುದಿಯಲ್ಲಿ:
‘ಅನಾದಿ ಕಾಲದಿಂದಲೂ ಮಾನವನು ಕೆಲಸ ಮಾಡುತ್ತ ಬಂದಿದ್ದಾನೆ.
ಕೆಲಸವೆಂದರೇನು? ಕೆಲಸವೆಂಬುದು ಬಹಳ ಮುಖ್ಯವಾದುದು.
ಕೆಲಸಗಳಲ್ಲಿ ಹಲವು ವಿಧ...’
ಲಿಫ್ಟ್ ರಿಪೇರಿಯ ಝೆಫೆರೀನೊ ಆಕಳಿಸಿದ.
ನಾನು ನನ್ನದನ್ನು ನುಂಗಿಕೊಂಡೆ.
ಮದುವೆಗೆ ಬಾಡಿಗೆ ತಂದ ಕೋಟಿನ ಹಾಗೆ ಆ ಸಾಲುಗಳು:
ಎಲ್ಲರಿಗೂ ಆಗುತ್ತವೆ,
ಯಾರಿಗೂ ಒಪ್ಪುವುದಿಲ್ಲ.

ಎರಡನೇ ಪುಟ, ಕೆಲಸದ ಲಾಭಗಳು.
ಮೂರನೆಯದರ ತಳದಲ್ಲಿ
ಕಾಗದ ಮುಗಿಯಿತೆಂದು ಗಾಬರಿಬಿದ್ದ ಸಣ್ಣ ಅಕ್ಷರ:
‘ದೋಣಿ ಬಂದರೆ ಕಾರ್ಖಾನೆಯ ಸೈರನ್ ಕೂಗುತ್ತಿತ್ತು,
ಅದಕ್ಕೆ ಹಗಲಿಲ್ಲ, ರಾತ್ರಿಯಿಲ್ಲ.
ನನ್ನ ಜಡೆ ಅರ್ಧಕ್ಕೇ ಬಿಟ್ಟು ಅವ್ವ ಎದ್ದು ಓಡಿದಳು.
ಉಳಿದರ್ಧ ನಾನೇ ಹೆಣೆದುಕೊಂಡೆ. ಏಳು ವರ್ಷ ನನಗೆ.
ಅದು ನಾನು ಮಾಡಿದ ಮೊದಲ ಕೆಲಸ.’

ಝೆಫೆರೀನೊ ಬಾಯಿ ಮುಚ್ಚಿದ.
ಟ್ಯೂಬ್‌ಲೈಟಿನ ಗುಂಯ್ ಕೇಳಿಸಿತು.
‘ಕೊನೇಲಿ ಜಾಗ ಸಾಲಲಿಲ್ಲ, ಮೇಷ್ಟ್ರೆ’
ಅಂದು ಕೂತಳು.

ನನ್ನದೂ ಒಂದು ಮಾತು, ಹೇಳದಿದ್ದರೆ ಮೋಸ.
ಒಂಬತ್ತು ವರ್ಷದಿಂದ ಮಹಾಪ್ರಬಂಧ ಬರೆಯುತ್ತಿದ್ದೇನೆ,
ಉಪ್ಪಿನ ತೆರಿಗೆಯ ಮೇಲೆ.
ಪೀಠಿಕೆಯೇ ನೂರ ಹನ್ನೆರಡು ಪುಟ, ಅದರಾಚೆ ಕಾಲಿಟ್ಟಿಲ್ಲ.
ಪೀಠ ಕಡೆದು ಕಡೆದು
ಮೂರ್ತಿಗೆ ಕಲ್ಲುಳಿಯಲಿಲ್ಲ.
ಅಂಥವನು ಇವಳಿಗೆ ಹೇಳಬೇಕು, ಶುರುವೆಂದರೆ ಹೇಗೆಂದು.

ಹಾಗಾಗಿ ಕೇಳಿದೆ:
ಸಾರ್ಡೀನು ಬಂದರೆ ಮೊದಲು ಏನು ಮಾಡುತ್ತಿದ್ದಿರಿ?

ಮಗುವಿಗೆ ಹೇಳುವಂತೆ ಹೇಳಿದಳು:
‘ಉಪ್ಪುನೀರು. ಆಮೇಲೆ ತಲೆ.
ಕಿವಿರಿನ ಹಿಂದೆ ಚಾಕು ಇಟ್ಟು ಒಂದೇ ತಿರುವು,
ತಲೆಯ ಜೊತೆಗೇ ಕರುಳೂ ಬರಬೇಕು.
ತಲೆ ಸಮೇತ ಡಬ್ಬಿಗೆ ತುಂಬಿದರೆ ಮೇಸ್ತ್ರಿ...’
ನಿಲ್ಲಿಸಿದಳು. ಪುಟ ನೋಡಿದಳು.
ನಾನು ಸುಮ್ಮನಿದ್ದೆ. ಈ ಕೆಲಸಕ್ಕೆ ಸೇರಿದಾಗಿನಿಂದ
ನಾನು ಕಲಿಸಿದ ಒಂದೇ ಒಳ್ಳೆಯ ಪಾಠ ಅದು.

ಪೆಟ್ಟಿಗೆಯಿಂದ ಕತ್ತರಿ ತೆಗೆದಳು,
ಮೊಂಡು ತುದಿಯದು, ಹಿಡಿಯ ಮೇಲೆ ಹಳದಿ ಬಾತುಕೋಳಿ.
ಅನಾದಿ ಕಾಲ ಬೆಂಚಿನ ಮೇಲೆ ಬಿತ್ತು,
ಮಾನವನೂ ಬಿದ್ದ.
‘ಎರಡನೇದನ್ನೂ’ ಅಂದ ಝೆಫೆರೀನೊ.
‘ಅದು ಬೇಡ, ಸಂಬಳದ ಲೆಕ್ಕ ಇದೆ ಅದರಲ್ಲಿ.’

ಮೂರನೆಯದರ ತಳ ಕತ್ತರಿಸಿ ಮೇಲಿಟ್ಟು
ಮನಸ್ಸಿನಲ್ಲೇ ಓದಿಕೊಂಡಳು, ತುಟಿಯಾಡಿಸುತ್ತ.
‘ಇಷ್ಟು ಸರಕ್ಕನೆ ಶುರುವಾದರೆ
ಓದೋರಿಗೆ ಗಾಬರಿಯಾಗಲ್ವಾ?’
ನಿಮಗಾಗಿರಲಿಲ್ಲವೆ, ಅಂದೆ.

ಬಹಳ ಹೊತ್ತು ಏನೂ ಅನ್ನಲಿಲ್ಲ.
ಕೈ ತಾನಾಗಿ ಜಡೆಯಿದ್ದ ಕಡೆ ಹೋಗಿ
ಕತ್ತರಿಸಿದ ಕೂದಲಲ್ಲಿ ತಡಕಾಡಿ ಬಂತು.
ಬೆಂಚಿನ ಚೂರುಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.
‘ತಲೆಗಳನ್ನ ಯಾರೂ ಎಸೀತಿರಲಿಲ್ಲ ಮೇಷ್ಟ್ರೆ,
ಗೊಬ್ಬರಕ್ಕೆ ಹೋಗ್ತಿದ್ದವು.
ಇದನ್ನ ಬರೀದೆ ಇದ್ದಿದ್ರೆ
ಸೈರನ್‌ವರೆಗೂ ಬರ್ತಿದ್ನೋ ಇಲ್ವೋ.’

ಕೊನೆಯ ಮೆಟ್ರೊದಲ್ಲಿ ನನ್ನ ನೂರ ಹನ್ನೆರಡು ಪುಟ ತೊಡೆಯ ಮೇಲೆ.
ತೊಂಬತ್ತೇಳನೆಯದರಲ್ಲಿ ಅಡಿಟಿಪ್ಪಣಿ, ನಾನೇ ಬರೆದು ಮರೆತದ್ದು:
ಗಸ್ತಿನವರು ತಡೆದಾಗ ಒಬ್ಬ ಹುಡುಗಿ
ಬಾಯಿತುಂಬ ಉಪ್ಪು ಇಟ್ಟುಕೊಂಡಿದ್ದಳು,
ಹೆಸರು ಕೇಳಿದರೂ ಹೇಳಲಿಲ್ಲ.

ಗುರುವಾರ ಕೇಳಿ ತರಬೇಕು,
ಬಾತುಕೋಳಿಯ ಕತ್ತರಿ.