ತಳ ನೆಗ್ಗಿದ ಡಬ್ಬಿ

ಮೇಷ್ಟ್ರಿಗೆ ಸಂಬಳ ಅಕ್ಕಿಯಲ್ಲಿ.
ತಿಂಗಳಿಗೆ ಮನೆಗೆರಡು ಡಬ್ಬಿ, ನಲವತ್ತು ಮನೆ.
ಅಳೆಯುವವಳು ನಾನು,
ಯಾಕೆಂದರೆ ಅಂಬುಹಿಮೇನದಲ್ಲಿ ಬೀಗವಿರುವ ಪೆಟ್ಟಿಗೆ
ನನ್ನದೊಂದೇ. ಸತ್ತ ಗಂಡ ಬಿಟ್ಟುಹೋದದ್ದು ಅದೊಂದು,
ಮತ್ತೆ ಈ ಡಬ್ಬಿ:
ಗಟ್ಟಿಹಾಲಿನದು. ಮೇಲೆ ಹಸುವಿನ ಚಿತ್ರವಿತ್ತು,
ಈಗ ಬರೀ ಕೊಂಬು.
ಕಪೂಕ ಅನ್ನುತ್ತೇವೆ. ಈ ದ್ವೀಪದ ಅಕ್ಕಿಗೆಲ್ಲ
ಇದೇ ಅಳತೆ.

ಸರ್ಕಾರದ ಮೇಷ್ಟ್ರು ಬರುತ್ತಾರೆಂದು
ರಾಜಧಾನಿಯಿಂದ ಕಾಗದ ಬಂದು ನಾಲ್ಕು ವರ್ಷ.
ಕಾಗದ ಬಂತು. ಮೇಷ್ಟ್ರು ದಾರಿಯಲ್ಲಿದ್ದಾರೆ.
ಅಲ್ಲಿಯವರೆಗೆ ಇರಲಿ ಅಂತ ಸುಲುಫುವನ್ನು ಹಿಡಿದೆವು,
ಒಂಬತ್ತನೇ ಕ್ಲಾಸು ಮುಗಿಸಿದ್ದ ಹುಡುಗ.
ಎಪ್ಪತ್ತೊಂದು ಮಕ್ಕಳು, ಮೂರು ಬೆಂಚು,
ಚಂಡಮಾರುತ ಅರ್ಧ ತಿಂದುಬಿಟ್ಟ ಸೂರು,
ಒಂಬತ್ತು ತಲೆಗೊಂದು ಪುಸ್ತಕ, ಅದೂ ಫ್ರೆಂಚಿನಲ್ಲಿ:
ಒಬ್ಬ ಹುಡುಗ ಹಿಮದಲ್ಲಿ ಗೊಂಬೆ ಮಾಡುತ್ತಾನೆ.
ಹಿಮ ಅಂದರೇನು ಎಂದು ಕೇಳಿದ್ದಕ್ಕೆ
ಸುಲುಫು ಉಪ್ಪು ತೋರಿಸಿದನಂತೆ.
ಇರಲಿ.

ಫೆಬ್ರವರಿ ಕೆಟ್ಟದ್ದು.
ಹೊಸ ಭತ್ತ ಇನ್ನೂ ಹಸಿರು, ಹಳೆಯದು ಮುಗಿದಿರುತ್ತದೆ.
ತಾವು ಮರಗೆಣಸು ತಿನ್ನುತ್ತ ಜನ
ಮೇಷ್ಟ್ರ ಪಾಲನ್ನು ಅಳೆದೂ ಸುರಿದೂ ಕೊಡುತ್ತಾರೆ.
ನಾನು ಡಬ್ಬಿಯ ಬಾಯಿಗೆ ಕಡ್ಡಿ ಎಳೆದು ಸಮ ಮಾಡುತ್ತೇನೆ,
ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ.
ನನ್ನ ನ್ಯಾಯ ಊರಿಗೇ ಗೊತ್ತು.

ಮೊನ್ನೆ ಸಹುಂದ್ರ, ನನ್ನ ಮಗಳು, ನಾಲ್ಕನೇ ಕ್ಲಾಸು,
ಅಂಗಡಿಯಿಂದ ಇನ್ನೊಂದು ಡಬ್ಬಿ ಕೇಳಿ ತಂದು
ಎರಡಕ್ಕೂ ನೀರು ತುಂಬಿ ಕೊಡಕ್ಕೆ ಹುಯ್ದಳು,
ಎಣಿಸಿ ಹುಯ್ದಳು, ಚೆಲ್ಲಿ ಮತ್ತೆ ಹುಯ್ದಳು.
'ಅಮ್ಮ, ನಿನ್ನ ಡಬ್ಬಿ ಸುಳ್ಳು ಹೇಳುತ್ತೆ.'

ತಳ ನೆಗ್ಗಿದೆ, ಹೌದು. ಹೋರಿ ತುಳಿದದ್ದು,
ಇವಳಿನ್ನೂ ನನ್ನ ಬೆನ್ನಮೇಲಿದ್ದಾಗ.
ಹತ್ತು ಅಂದರೆ ಒಂಬತ್ತಂತೆ.

ಇದ್ದಲು ಹಿಡಿದು ನೆಲಕ್ಕೆ ಬಗ್ಗಿದಳು,
ಬರೆದಳು, ಅಳಿಸಿದಳು, ತುಟಿ ಕಚ್ಚಿದಳು:
ತಿಂಗಳಿಗೆ ಎಂಟು ಖೋತಾ, ಒಂಬತ್ತು ತಿಂಗಳ ಶಾಲೆ, ಮೂರು ವರ್ಷ.
ಕೊನೆಗೆ ಉಳಿದದ್ದು
ಒಂದು ಬಾತುಕೋಳಿ, ಒಂದು ಕೋಲು, ಒಬ್ಬಳು ಬಸುರಿ.
'ಏನದು?'
'ಇನ್ನೂರ ಹದಿನಾರು ಡಬ್ಬಿ. ಮೇಷ್ಟ್ರಿಗೆ ಬಾಕಿ.'

ರೇಗಿತು. ಕೆನ್ನೆಗೆ ಬಾರಿಸುವಷ್ಟು ರೇಗಿತು.
ಎತ್ತಿದ ಕೈ ಹಾಗೇ ನಿಂತಿತು:
ಇದು ಬರಲಿ ಅಂತಲೇ ಅಲ್ಲವೇ
ಅಷ್ಟೂ ಅಕ್ಕಿ ಅಳೆದದ್ದು.

ಸಂಜೆ ಸುಲುಫು ಬಂದ. ನೆಲ ನೋಡಿದ.
ಅಕ್ಕಿಯ ಮಾತೆತ್ತಲಿಲ್ಲ.
ಮೊದಲಿಂದ ಬೆರಳು ಮಡಿಸುತ್ತ ಲೆಕ್ಕ ಮಾಡಿ
ಪಕ್ಕದಲ್ಲಿ ಸರಿ ಗುರುತು ಹಾಕಿದ.
ಗುಂಡಿ ಕಿತ್ತುಹೋದ ಅಂಗಿಯಲ್ಲಿ ಕಂಡಿತು,
ಅವನ ಹೊಟ್ಟೆಯೂ ನೆಗ್ಗಿತ್ತು.

ಸಭೆ ಕೂತಿತು. ತಟ್ಟಿ ಸರಿಮಾಡುತ್ತೇನೆಂದು
ರಬೆಮಾನಾನ ಸುತ್ತಿಗೆ ಎತ್ತಿದ; ತಳ ತೂತಾಯಿತು.
ಹೋರಿ ನಿನ್ನದು, ಡಬ್ಬಿ ನಿನ್ನದು,
ಬಾಕಿಯೂ ನಿನ್ನದೇ ಅಂದರು ಮೂವರು.
ಉಳಿದವರು ನೆಲ ಕೆರೆಯುತ್ತ ಕೂತರು.
ಫೆಬ್ರವರಿ, ಯಾರನ್ನು ಬಯ್ಯಲಿ.

ಪೆಟ್ಟಿಗೆಯ ಮೇಲಿನ ಗೋಡೆಗೆ ಆ ಮೂರನ್ನೂ
ಮಗಳ ಕೈಯಲ್ಲಿ ಬರೆಸಿಟ್ಟಿದ್ದೇನೆ.
ಇವತ್ತು ಹೊಸ ಡಬ್ಬಿಯಲ್ಲಿ, ನನ್ನ ಪಾಲು ಮುಗಿದ ಮೇಲೆ,
ಇನ್ನೊಂದು ಸುರಿದೆ.
ಸೆರಗು ಒದ್ದೆಮಾಡಿ ಬಸುರಿಯನ್ನು ಅಳಿಸಿದೆ.
ಇದ್ದಲು ಕೈಯಲ್ಲಿ ಹಿಡಿದು ನಿಂತಿದ್ದೇನೆ.
'ಐದು ಬರೆಯಮ್ಮ,' ಅನ್ನುತ್ತಾಳೆ.

ಐದು ಯಾವುದರ ಹಾಗಿರುತ್ತೆ?